ನಡುವೆ ಹಚ್ಚಿದ ಅರಿಶಿನ

2025ರ ಸೆಪ್ಟೆಂಬರ್ 1, ಸೋಮವಾರ, ಬೆಳಿಗ್ಗೆ 10.20ಕ್ಕೆ ಬಿಳಿಕೆರೆ ಪೊಲೀಸ್ ಠಾಣೆಗೆ ಜವರಯ್ಯ ಎಂಬ ರೈತರು ಬಂದರು. ವಯಸ್ಸು ಐವತ್ತೆರಡು, ಹೊಗೆಸೊಪ್ಪು ಬೆಳೆಯುವವರು, ಊರು ಠಾಣೆಯಿಂದ ಮೂರು ಕಿಲೋಮೀಟರ್. ಜೇಬಿನಿಂದ ಒಂದು ಪ್ಲಾಸ್ಟಿಕ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು, ಇದರಿಂದ ತಂಗಿಯನ್ನು ಕಳಕೊಂಡೆ ಎಂದರು. ಹೆಡ್ ಕಾನ್‌ಸ್ಟೆಬಲ್ ಷಣ್ಮುಖಪ್ಪ ದಡಬಡಿಸಿ ಎದ್ದುನಿಂತರು. ವಿಚಾರಿಸಿದ ಮೇಲೆ ಗೊತ್ತಾಯಿತು, ತಂಗಿ ಆರೋಗ್ಯವಾಗಿಯೇ ಇದ್ದಾಳೆ, ಮಾತು ಬಿಟ್ಟಿದ್ದಾಳೆ ಅಷ್ಟೆ. ಷಣ್ಮುಖಪ್ಪ ಮತ್ತೆ ಕೂತರು.

ತಂಗಿಯ ಹೆಸರು ಚಿಕ್ಕಸಿದ್ದಮ್ಮ, ಕೊಟ್ಟಿರುವುದು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರಕ್ಕೆ. ಐದು ವರ್ಷದ ಹಿಂದೆ ಭಾವಮೈದುನರ ನಡುವೆ ಒಂದು ಪಂಪ್‌ಸೆಟ್ ವಿಷಯಕ್ಕೆ ಮಾತು ಬೆಳೆದು ಗೌರಿ ಹಬ್ಬದ ಬಾಗಿನ ನಿಂತುಹೋಗಿತ್ತು. ಈ ವರ್ಷ ಜವರಯ್ಯನವರೇ ಸೋತು ಬಾಗಿನ ಕಳಿಸಿದರು. ಐದು ವರ್ಷದಲ್ಲಿ ತಂಗಿಗೆ ಯಾವ ಬಣ್ಣ ಹಿಡಿಸುತ್ತದೋ ಗೊತ್ತಿಲ್ಲ, ಅವಳಿಗೆ ಬೇಕಾದ್ದನ್ನು ಅವಳೇ ಆರಿಸಿಕೊಳ್ಳಲಿ ಎಂದು ಸೀರೆಯ ಬದಲು ಮೂರು ಸಾವಿರದ ಗಿಫ್ಟ್ ಕಾರ್ಡ್ ಕೊಂಡರು. ಬಿಳಿಕೆರೆ ಬಸ್ ನಿಲ್ದಾಣದ ಪಕ್ಕದ ಶಿವಣ್ಣನ ಮೊಬೈಲ್ ಅಂಗಡಿಯಲ್ಲಿ, ಆಗಸ್ಟ್ 22ರ ಶುಕ್ರವಾರ. ಕಾರ್ಡಿನ ಬೆಲೆಯ ಮೇಲೆ ನೂರಿಪ್ಪತ್ತು ರೂಪಾಯಿ 'ಸರ್ವಿಸ್ ಚಾರ್ಜ್' ಬೇರೆ, ಅದಕ್ಕೆ ರಸೀದಿ ಇಲ್ಲ. ಚಿಕ್ಕಸಿದ್ದಮ್ಮ ಹಬ್ಬ ಕಳೆದ ಶುಕ್ರವಾರ ನಾದಿನಿಯನ್ನೂ ಕರೆದುಕೊಂಡು ಕೆ.ಆರ್. ನಗರದ ಸೀರೆ ಮಳಿಗೆಗೆ ಹೋದಳು. ಹಸಿರು ಅಂಚಿನ ಸೀರೆ ಆರಿಸಿದಳು. ಬಿಲ್ ಹಾಕುವವನು ಕಾರ್ಡಿನ ಮುಂಬದಿಯ ನಂಬರ್ ಒತ್ತಿ, ಇದರಲ್ಲಿ ಏನೂ ಇಲ್ಲವಲ್ಲಮ್ಮ ಎಂದ. ನಾದಿನಿ ನಕ್ಕಳು.

ಸಂಜೆ ತಂಗಿ ಫೋನಿನಲ್ಲಿ ಆಡಿದ್ದು ಒಂದೇ ಮಾತು. ಅದನ್ನು ಜವರಯ್ಯ ಇನ್‌ಸ್ಪೆಕ್ಟರ್ ಮೇಡಂ ಮುಂದೆ ಹಾಗೆಯೇ ಒಪ್ಪಿಸಿದರು.

"'ಕೊಡೋ ಮನ್ಸಿಲ್ದಿದ್ರೆ ಸುಮ್ಕಿರಬೇಕಿತ್ತು ಕಣಣ್ಣ, ಜನದ ಮುಂದೆ ಆಟ ಆಡ್ಬಾರ್ದಿತ್ತು' ಅಂದ್ಳು ಮೇಡಮ್ನೋರೆ. ಮಾರ್ನೇ ದಿನ ಕಾರ್ಡ್ನ ಬಸ್ ಕಂಡಕ್ಟರ್ ಕೈಲಿ ವಾಪಸ್ ಕಳಿಸವ್ಳೆ."

ಇನ್‌ಸ್ಪೆಕ್ಟರ್ ನೀಲಾಂಬಿಕೆ ಈ ಠಾಣೆಗೆ ಬಂದು ಎರಡು ತಿಂಗಳಾಗಿತ್ತು. ಷಣ್ಮುಖಪ್ಪನವರಿಗೆ ಇಪ್ಪತ್ತೆಂಟು ವರ್ಷದ ಸರ್ವಿಸ್ ಇತ್ತು. ಇದು ಗ್ರಾಹಕರ ಕೋರ್ಟಿನ ವಿಷಯ, ಖಾಲಿ ಕಾರ್ಡಿಗೆ ಕೇಸು ಹಾಕಿದರೆ ನಾಳೆ ಖಾಲಿ ಸಿಲಿಂಡರ್ ಹೊತ್ತುಕೊಂಡು ಬರುತ್ತಾರೆ ಎಂಬುದು ಅವರ ಅಭಿಪ್ರಾಯ. ಮೇಡಂ ಕಾರ್ಡಿನ ಹಿಂಬದಿಯ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದರು. ಎಳ್ಳುಕಾಳಿಗಿಂತ ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಆರು ತಿಂಗಳಲ್ಲಿ ಬಳಸದಿದ್ದರೆ ರದ್ದು. ಮೂರು ತಿಂಗಳ ನಂತರ ಪ್ರತಿ ತಿಂಗಳೂ ನಿರ್ವಹಣಾ ಶುಲ್ಕ ಕಡಿತ. ಒಂದೇ ಸಲಕ್ಕೆ ಬಳಸಬೇಕು, ಉಳಿದ ಹಣ ಹೋಯಿತು. ರಿಯಾಯಿತಿ ಮಾಲಿಗೆ ನಡೆಯುವುದಿಲ್ಲ. ಕೊಡುವ ಕೈ ಒಂದಾದರೆ ಕಿತ್ತುಕೊಳ್ಳುವ ಕೈ ನಾಲ್ಕಿದ್ದವು. ಆದರೆ ನಾಲ್ಕೂ ಸೇರಿದರೂ ಏಳು ದಿನದಲ್ಲಿ ಮೂರು ಸಾವಿರ ತಿನ್ನಲು ಆಗುವುದಿಲ್ಲ. ಇದು ಶುಲ್ಕವಲ್ಲ, ಕಳವು ಎಂದು ಮೇಡಂ ತೀರ್ಮಾನಿಸಿದರು. 11.45ಕ್ಕೆ ವಂಚನೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂಗಳಡಿ ಎಫ್‌ಐಆರ್ ದಾಖಲಾಯಿತು.

ಪಂಚರ ಸಮಕ್ಷಮ ಕಾರ್ಡನ್ನು ವಶಕ್ಕೆ ತೆಗೆದುಕೊಳ್ಳುವಾಗ ಮೇಡಂ ಕಣ್ಣಿಗೆ ಇನ್ನೊಂದು ಬಿತ್ತು. ಗುಪ್ತ ನಂಬರಿನ ಮೇಲೆ ಉಜ್ಜಿ ತೆಗೆಯುವ ಬೆಳ್ಳಿಬಣ್ಣದ ಪಟ್ಟಿ ಇರುತ್ತದಲ್ಲ, ಅದರ ಸುತ್ತ ದಪ್ಪಗೆ ಅರಿಶಿನ ಮೆತ್ತಿತ್ತು.

"ಅರಿಶಿನ ಹಚ್ಚಿದ್ದು ಯಾರು?"

"ಅಂಗ್ಡೀಲೇ ಹಚ್ಕೊಟ್ರು. ಬಾಗಿನಕ್ಕೆ ಅಂದೆ, ಅವ್ರೇ ಅಚ್ಚುಕಟ್ಟಾಗಿ ಹಚ್ಚುದ್ರು."

"ಅಂಗಡಿಯಲ್ಲಿ ಯಾರು? ಶಿವಣ್ಣನೋ, ಕೆಲಸದವನೋ?"

ಅದು ಅವರಿಗೆ ನೆನಪಿರಲಿಲ್ಲ. ಇಬ್ಬರೂ ಇದ್ದರು, ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು.

ಮದುವೆಯ ಕಾಗದವಾಗಲಿ, ಹೊಸ ಸೀರೆಯಾಗಲಿ, ಅರಿಶಿನ ಹಚ್ಚುವುದು ನಾಲ್ಕು ಮೂಲೆಗೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು ಅದೇ. ನಡುವೆ ಯಾರು ಹಚ್ಚುತ್ತಾರೆ? ನೀಲಾಂಬಿಕೆ ಒದ್ದೆ ಹತ್ತಿಯಿಂದ ಅರಿಶಿನವನ್ನು ನಿಧಾನ ಒರೆಸಿದರು. ಷಣ್ಮುಖಪ್ಪ ಮುಖ ಕಿವುಚಿದರು. ಹಚ್ಚಿದ ಅರಿಶಿನ ಒರೆಸುವುದು ಒಳ್ಳೆಯದಲ್ಲ ಎನ್ನುವುದು ಅವರ ಮುಖದ ಮೇಲೆಯೇ ಬರೆದಿತ್ತು. ಹಳದಿ ಹೋದ ಮೇಲೆ ಪಟ್ಟಿಯ ಅಂಚು ಕಾಣಿಸಿತು, ಒಂದರ ಮೇಲೊಂದು ಎರಡು ಪದರ. ಯಾರೋ ಹಳೆಯ ಪಟ್ಟಿ ಉಜ್ಜಿ, ನಂಬರ್ ಬರೆದುಕೊಂಡು, ಹೊಸ ಪಟ್ಟಿ ಅಂಟಿಸಿ, ಅಂಚು ಕಾಣದಂತೆ ಅರಿಶಿನ ಬಳಿದಿದ್ದರು. ಈ ಸೀಮೆಯಲ್ಲಿ ಯಾರೂ ಅದನ್ನು ಒರೆಸಿ ನೋಡುವುದಿಲ್ಲ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಅಂಗಡಿಗೆ ಹೋದರು. ಶಿವಣ್ಣ ನಲವತ್ತೆಂಟರ ಬೆವರುವ ಮನುಷ್ಯ. ಕೆಲಸಕ್ಕೆ ಇದ್ದವನು ಕನಕರಾಜು, ಮೂವತ್ತಾರು ವಯಸ್ಸು, ಕೇಳಿದ್ದಕ್ಕಷ್ಟೇ ಉತ್ತರ. ಅರಿಶಿನ ಹಚ್ಚುವುದು ಯಾರು ಎಂದರೆ, ಯಾರು ಬಿಡುವಾಗಿರುತ್ತಾರೋ ಅವರು ಎಂದು ಇಬ್ಬರೂ ಹೇಳಿದರು. ನೂರಿಪ್ಪತ್ತು ರೂಪಾಯಿಯ ಬಗ್ಗೆ ಕೇಳಿದಾಗ ಶಿವಣ್ಣ ಮೂರು ಸಲ ಮುಖ ಒರೆಸಿಕೊಂಡ. ಅದು ಕಂಪನಿಯ ಶುಲ್ಕವಲ್ಲ, ಅವನದೇ ಸೃಷ್ಟಿ. ಕಳ್ಳ ಸಿಕ್ಕಿದ ಎಂದು ಷಣ್ಮುಖಪ್ಪ ಅಲ್ಲೇ ಸಂತೋಷಪಟ್ಟರು. ಮೇಡಂ ಗಿರಾಕಿಗಳ ಫೋನ್ ನಂಬರ್ ಇದ್ದ ಪುಸ್ತಕವನ್ನು ಮಾತ್ರ ತೆಗೆದುಕೊಂಡು ಹೊರಟರು.

ಮಹಿಳಾ ಕಾನ್‌ಸ್ಟೆಬಲ್ ಹರ್ಷಿತಾ ಮೂರು ದಿನ ಕೂತು ಆ ನಂಬರುಗಳಿಗೆಲ್ಲ ಫೋನ್ ಮಾಡಿದಳು. ಇನ್ನೂ ಐದು ಜನರ ಕಾರ್ಡ್ ಹೀಗೆಯೇ ಖಾಲಿಯಾಗಿತ್ತು, ಕಳೆದ ವರ್ಷ ಮೂರು, ಈ ವರ್ಷ ಎರಡು. ಎಲ್ಲವೂ ಗೌರಿ ಹಬ್ಬದ ಹಿಂದಿನ ವಾರದಲ್ಲಿ ಕೊಂಡದ್ದು, ಎಲ್ಲಕ್ಕೂ ನಡುವೆ ಅರಿಶಿನ. ಒಬ್ಬರೂ ಪೊಲೀಸರ ಬಳಿ ಬಂದಿರಲಿಲ್ಲ. ಯಾಕೆಂದರೆ ಅಂಗಡಿಗೆ ಬಂದು ಕೇಳಿದವರಿಗೆ ಶಿವಣ್ಣ ಹಿಂಬದಿಯ ಸಣ್ಣ ಅಕ್ಷರ ತೋರಿಸಿ, ನಿಯಮದ ಪ್ರಕಾರ ಕಡಿತವಾಗಿದೆ ಎಂದು ಕಳಿಸಿದ್ದ. ಅವನೂ ಅದನ್ನು ಓದಿರಲಿಲ್ಲ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕೆ?

ಸೆಪ್ಟೆಂಬರ್ 6ಕ್ಕೆ ಕಾರ್ಡ್ ಕಂಪನಿಯ ಉತ್ತರ ಬಂತು. ಜವರಯ್ಯನವರ ಕಾರ್ಡ್ ಮಾರಾಟವಾದದ್ದು ಆಗಸ್ಟ್ 22ರ ಬೆಳಿಗ್ಗೆ 11.43ಕ್ಕೆ, ಖರ್ಚಾದದ್ದು 11.52ಕ್ಕೆ. ಆನ್‌ಲೈನಿನಲ್ಲಿ ಒಂದು ಸೀರೆ ಖರೀದಿ. ಆರು ಕಾರ್ಡಿಗೆ ಆರು ಸೀರೆ, ಹೋದದ್ದು ಮಾತ್ರ ಮೂರೇ ವಿಳಾಸಕ್ಕೆ: ಸರಗೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ. ಜವರಯ್ಯನವರ ದುಡ್ಡಿನ ಸೀರೆ ಸರಗೂರಿನ ರಾಮಮ್ಮ ಎಂಬವರಿಗೆ ತಲುಪಿತ್ತು.

8ನೇ ತಾರೀಕು ಸೋಮವಾರ ಬೆಳಿಗ್ಗೆ 10.30ಕ್ಕೆ ನೀಲಾಂಬಿಕೆ ಮತ್ತು ಹರ್ಷಿತಾ ಸರಗೂರಿನಲ್ಲಿದ್ದರು. ರಾಮಮ್ಮ ಬಾಗಿಲಲ್ಲಿ ಅವರೆಕಾಳು ಕೇರುತ್ತಿದ್ದವಳು ಮೊರ ಬದಿಗಿಟ್ಟು ಚಾಪೆ ಹಾಸಿದಳು. ಒಂದು ಪಾರ್ಸೆಲ್ ಬಗ್ಗೆ ವಿಚಾರಿಸಬೇಕಿತ್ತು ಎಂದದ್ದೇ ತಡ, ಅವಳ ಮುಖ ಅರಳಿತು. ಒಳಗೆ ಹೋಗಿ ದೇವರ ಗೂಡಿನಿಂದ ಸೀರೆ ತಂದಳು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

"ನಮ್ಮಣ್ಣ ಕಳ್ಸಿರೋದು ಕಣ್ರವ್ವ. ಬಿಳಿಕೆರೇಲಿ ಮೊಬೈಲ್ ಅಂಗ್ಡೀಲವ್ನೆ, ಕನಕರಾಜು ಅಂತ. ನಾವು ಮೂವರು ತಂಗೀರು. ತಾನು ಅರ್ದೋಗಿರೋ ಬಟ್ಟೆ ಉಟ್ಕೊಂಡ್ರೂ ನಮ್ಗೆ ಬಾಗಿನ ತಪ್ಸಾಕಿಲ್ಲ."

ಹರ್ಷಿತಾ ಬರೆಯುವುದನ್ನು ನಿಲ್ಲಿಸಿ ಮೇಡಂ ಮುಖ ನೋಡಿದಳು. ಹೇಳದೆ ಬರುವ ಹಾಗಿರಲಿಲ್ಲ. ನೀಲಾಂಬಿಕೆ ಮೆಲ್ಲಗೆ ಹೇಳಿದರು, ಪಂಚನಾಮೆ ಬರೆಸಿ ಸೀರೆಯನ್ನು ವಶಕ್ಕೆ ಪಡೆದರು. ರಾಮಮ್ಮ ಅಳಲಿಲ್ಲ, ಸೀರೆಯ ಅಂಚನ್ನು ಒಂದು ಸಲ ಸವರಿ ಕೊಟ್ಟುಬಿಟ್ಟಳು.

ಮಧ್ಯಾಹ್ನ 3.40ಕ್ಕೆ ಪಂಚರೊಂದಿಗೆ ಅಂಗಡಿ ಶೋಧನೆ ನಡೆಯಿತು. ಮೇಜಿನ ಕೆಳಗಿನ ಖಾನೆಯಲ್ಲಿ ಬೆಳ್ಳಿಪಟ್ಟಿಯ ಒಂದು ಸುರುಳಿ, ಒಂದು ಅರಿಶಿನದ ಡಬ್ಬಿ. ಕನಕರಾಜು ಓಡಲಿಲ್ಲ. ತಂಗಿ ಫೋನ್ ಮಾಡಿದ್ದಳು, ನಾನೇ ಬರುವವನಿದ್ದೆ ಎಂದ.

"ಪಾರ್ಸೆಲ್ ಮೇಲೆ ನಿನ್ನ ನಿಜವಾದ ಹೆಸರೇ ಹಾಕಿಸಿದೀಯಲ್ಲಪ್ಪ. ಸಿಕ್ಕಿಬೀಳ್ತೀನಿ ಅನ್ನಿಸಲಿಲ್ವ?"

"ಅನ್ನುಸ್ತು ಮೇಡಂ. ಬೇರೆ ಹೆಸ್ರಲ್ಲಿ ಬಾಗಿನ ಕಳ್ಸುದ್ರೆ ಅವ್ರಿಗೆ ಸಲ್ಲಾಕಿಲ್ಲ."

ಷಣ್ಮುಖಪ್ಪ ತಲೆಯಾಡಿಸಿದರು. ಕದ್ದ ದುಡ್ಡು ಸಲ್ಲುತ್ತದೆ, ಸುಳ್ಳು ಹೆಸರು ಸಲ್ಲುವುದಿಲ್ಲ, ಇದ್ಯಾವ ಲೆಕ್ಕ ಎಂದು ಗೊಣಗಿದರು. ಆದರೆ ಆ ಲೆಕ್ಕ ಅವರಿಗೂ ಅರ್ಥವಾಗಿತ್ತು. ಸಂಜೆ 5.15ಕ್ಕೆ ಬಂಧನ ದಾಖಲಾಯಿತು. ರಸೀದಿಯಿಲ್ಲದ ನೂರಿಪ್ಪತ್ತು ರೂಪಾಯಿಗಳಿಗಾಗಿ ಶಿವಣ್ಣನ ಮೇಲೂ ಪ್ರತ್ಯೇಕ ವರದಿ ಹೋಯಿತು. ಅವನು ಎಲ್ಲರಿಗೂ ಹಣ ವಾಪಸ್ ಕೊಡುತ್ತೇನೆಂದು ಬರೆದುಕೊಟ್ಟ.

ಹೇಳಿಕೆಯಲ್ಲಿ ಕನಕರಾಜು ಹೇಳಿದ್ದು ಇಷ್ಟು. ಮೂರು ವರ್ಷದ ಹಿಂದೆ ತನ್ನ ಸಂಬಳದಲ್ಲೇ, ಇದೇ ಅಂಗಡಿಯಿಂದ, ತಂಗಿಯರಿಗೆ ಮೂರು ಕಾರ್ಡ್ ಕೊಂಡಿದ್ದ. ಅಣ್ಣನ ಬಾಗಿನವೆಂದು ಮೂವರೂ ಅದನ್ನು ದೇವರ ಗೂಡಿನಲ್ಲಿಟ್ಟು, ಯುಗಾದಿಗೆ ಸೀರೆ ತೆಗೆಯೋಣವೆಂದು ಕಾದರು. ಆರು ತಿಂಗಳಿಗೆ ಕಾರ್ಡ್ ಸತ್ತುಹೋಗಿತ್ತು. ರಾಮಮ್ಮ ಅಂಗಡಿಯಿಂದ ಬರಿಗೈಲಿ ಬಂದವಳು, ಸೀರೆ ಬಲು ಚೆನ್ನಾಗಿದೆ ಕಣಣ್ಣ ಎಂದು ಸುಳ್ಳು ಹೇಳಿದ್ದಳು. ನಿಜ ಅವನಿಗೆ ಎಷ್ಟೋ ದಿನದ ಮೇಲೆ ತಿಳಿಯಿತು. ಕೇಳಲು ಹೋದರೆ ಎಲ್ಲರೂ ಸಣ್ಣ ಅಕ್ಷರ ತೋರಿಸಿದರು.

"ನನ್ ದುಡ್ಡ ಅವ್ರು ನುಂಗುದ್ರೆ ಅದು ನಿಯಮ ಮೇಡಂ. ಅದ್ನ ನೋಡೇ ನಾನೂ ಕಲ್ತೆ," ಎಂದ. ಆಮೇಲೆ, ಜವರಯ್ಯನವರ ತಂಗಿ ಅಂಗಡಿಯಲ್ಲಿ ತಲೆತಗ್ಗಿಸಿದ್ದನ್ನು ಕೇಳಿ, ಹೇಳಿಕೆಗೆ ಸಹಿ ಹಾಕಲು ಪೆನ್ನು ಕೇಳಿದ.

ಅದೇ ತಿಂಗಳ 11ರಂದು ಹೇಳಿಕೆ ಕೊಡಲು ಚಿಕ್ಕಸಿದ್ದಮ್ಮ ಠಾಣೆಗೆ ಬಂದಳು. ಜವರಯ್ಯ ಬೆಂಚಿನ ಈ ತುದಿಯಲ್ಲಿದ್ದರು, ಅವಳು ಆ ತುದಿಯಲ್ಲಿ ಕೂತಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಚೀಲದಿಂದ ಡಬ್ಬಿ ತೆಗೆದು, ಕಡುಬು ತಂದಿದ್ದೇನೆ ಎಂದು ಯಾರನ್ನೂ ನೋಡದೆ ಹೇಳಿದಳು. ಜವರಯ್ಯ ಇದ್ದಕ್ಕಿದ್ದಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಷಣ್ಮುಖಪ್ಪನವರಿಗೆ ಎರಡು ಕಡುಬು ಸಿಕ್ಕವು.

ಮುಂದಿನ ತಿಂಗಳು ನ್ಯಾಯಾಲಯ ಫೋಟೊ ಮಾಡಿಸಿಕೊಂಡು ಸೀರೆಯನ್ನು ಫಿರ್ಯಾದಿಗೆ ಬಿಟ್ಟುಕೊಟ್ಟಿತು. ಅಣ್ಣತಂಗಿ ಒಟ್ಟಿಗೇ ಬಂದಿದ್ದರು. ಅಣ್ಣ ಕೊಡಿಸಿದ ಹಸಿರು ಅಂಚಿನ ಸೀರೆ ಆಗಲೇ ಚಿಕ್ಕಸಿದ್ದಮ್ಮನ ಮೈಮೇಲಿತ್ತು. ಅವಳು ಸರಗೂರಿನ ಸೀರೆಯನ್ನು ತಿರುಗಿಸಿ ನೋಡಿದಳು.

"ಆ ಎಣ್ಮಗ್ಳು ಇದ್ನ ದೇವರ ಗೂಡಲ್ಲಿ ಮಡಗಿದ್ಲು ಅಂದ್ರಲ್ಲ. ಮಡ್ಲಿಗೆ ಬಿದ್ದಿದ್ದ ಬಾಗಿನ ವಾಪಸ್ ಇಸ್ಕೊಂಡ್ರೆ ಒಳ್ಳೇದಲ್ಲ. ಸರಗೂರ್ಗೇ ಓಗ್ಲಿ ಬುಡಣ್ಣ."

ಹರ್ಷಿತಾ ಪಾರ್ಸೆಲ್ ಕಟ್ಟಿದಳು. ಚಿಕ್ಕಸಿದ್ದಮ್ಮ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ಕಳಿಸುವವರ ಹೆಸರಿಗೆ ಯಾರದ್ದು ಬರೆಯುವುದು ಎಂದು ಹರ್ಷಿತಾ ಕೇಳಿದಾಗ ಜವರಯ್ಯ ಪೆನ್ನು ಇಸಿದುಕೊಂಡು, ಅಕ್ಷರ ಕೂಡಿಸಿಕೊಂಡು ತಮ್ಮ ಹೆಸರು ಬರೆದರು. ಕೊಟ್ಟವರ ನಿಜವಾದ ಹೆಸರೇ ಇರಬೇಕಲ್ಲ.

ತಂಗಿ ಬಗ್ಗಿ ನೋಡಿ, ಹೆಸರಿನ ಮುಂದೆ 'ಅಣ್ಣ' ಅಂತಲೂ ಸೇರಿಸು ಎಂದಳು.