‘ಬಾ’ ಅನ್ನುವ ಒಂದಕ್ಷರ

“ಸರ್, ಬ್ರಿಟಿಷರು ಬಿಟ್ಟು ಹೋದ್ರು, ಬಿಟ್ಟು ಹೋದ್ರು ಅಂತ ಮುಕ್ಕಾಲು ತಾಸಿನಿಂದ ಹೇಳಾಕ ಹತ್ತೀರಿ. ಯಾರ ಕೈಯಾಗ ಬಿಟ್ಟು ಹೋದ್ರು, ಅದನ್ನ ಹೇಳ್ರಿ.”

ಹಿಂದಿನ ಸಾಲಿನಿಂದ ಬಂದ ದನಿಗೆ ಇಡೀ ಸಭಾಂಗಣ ತಿರುಗಿ ನೋಡಿತು.

ಬಳ್ಳಾರಿಯ ಗಾಂಧಿನಗರದ ಆ ಖಾಸಗಿ ಕಾಲೇಜಿನಲ್ಲಿ ವಿಚಾರ ಸಂಕಿರಣ ಎಂದರೆ ಶಾಲು, ಹಾರ, ಫೋಟೊ, ಆಮೇಲೆ ಉಪ್ಪಿಟ್ಟು. ವಿಚಾರ ಇರುವುದು ಬ್ಯಾನರಿನ ಮೇಲೆ ಮಾತ್ರ. ಪ್ರಾಂಶುಪಾಲರು ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡುವುದು ಅಲ್ಲಿಯ ರೂಢಿ. ಆ ದಿನ ಅವರಿಗೂ ಎಚ್ಚರವಾಯಿತು.

ವೇದಿಕೆಯ ಮೇಲೆ ನಿಂತಿದ್ದವನು ದೊಡ್ಡಬಸವರಾಜ. ಕುರುಗೋಡಿನ ಹೊಲಮನೆ ಇದ್ದವರ ಮಗ. ಅರ್ಥಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಒಂದೇ ದೊರೆಯ ಕೈಯಿಂದ ಬಿಡಿಸಿಕೊಂಡ ದೇಶಗಳಲ್ಲಿ ಕೆಲವು ಏರಿದ್ದೇಕೆ, ಕೆಲವು ಬಿದ್ದಿದ್ದೇಕೆ ಎಂಬುದು ಅವನ ಭಾಷಣದ ವಿಷಯ. ಘಾನಾ, ಮಲೇಷ್ಯಾ ಎರಡಕ್ಕೂ ಸ್ವಾತಂತ್ರ್ಯ ಬಂದದ್ದು ಒಂದೇ ವರ್ಷ, ಇವತ್ತು ಎರಡರ ನಡುವಿನ ಅಂತರ ನೋಡಿ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸಿದ್ದ. ಬ್ರಿಟಿಷರು ಎಲ್ಲಿ ಗಟ್ಟಿಯಾದ ಕೋರ್ಟು, ಕಂದಾಯ, ಕಚೇರಿ ಬಿಟ್ಟು ಹೋದರೋ ಅಲ್ಲಿ ಏಳಿಗೆ ಎಂದು ತೀರ್ಪನ್ನೂ ಕೊಟ್ಟಿದ್ದ.

ಪ್ರಶ್ನೆ ಕೇಳಿದವಳು ನಂದಿನಿ, ಇತಿಹಾಸದ ಅತಿಥಿ ಉಪನ್ಯಾಸಕಿ. ಸಿರುಗುಪ್ಪ ತಾಲೂಕಿನ ಸಿರಿಗೇರಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವವಳು. ಅತಿಥಿ ಎಂದು ಹೆಸರಿಟ್ಟು ಆರು ವರ್ಷದಿಂದ ದುಡಿಸಿಕೊಳ್ಳುವ ಜಾಣತನದ ಬಗ್ಗೆ ಅವಳಿಗಿದ್ದ ಅಭಿಪ್ರಾಯವನ್ನು ಇಲ್ಲಿ ಬರೆಯುವಂತಿಲ್ಲ.

“ಅರ್ಥ ಆಗ್ಲಿಲ್ಲ ಮೇಡಂ” ಎಂದ ದೊಡ್ಡಬಸವರಾಜ.

“ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿತ್ತು. ತುಂಗಭದ್ರಾ ಹೊಳಿ ಆಚಿ ದಂಡಿ ನಿಜಾಮಂದು. ನಿಮ್ಮ ಮಾತು ಖರೆ ಆದ್ರ ನಮ್ಮ ದಂಡಿ ಇಷ್ಟೊತ್ತಿಗೆ ಸಿಂಗಾಪುರ ಆಗಬೇಕಿತ್ತು. ಒಮ್ಮೆ ಸಿರಿಗೇರಿ ಕ್ರಾಸಿನಾಗ ಇಳಿದು, ಸಿಂಗಾಪುರ ಯಾವ ಕಡೆ ಐತಿ ಅಂತ ಕೇಳ್ರಿ. ಆಟೋದವ್ರು ತೋರಿಸ್ತಾರ.”

ಹುಡುಗರು ಬೆಂಚು ಬಡಿದು ನಕ್ಕರು. ಅವಳು ನಗಲಿಲ್ಲ.

“ಕುರ್ಚಿ ಬಿಟ್ಟು ಹೋದ್ರು, ಒಪ್ತೀನಿ. ಅದರಾಗ ಯಾರು ಕುಂತ್ರು? ಕೆಳಗ ನಿಂತಾವ ತಿರುಗಿ ಕೇಳಿದ್ರ ಕುಂತಾವ ಉತ್ತರ ಕೊಡ್ತಿದ್ನೋ, ಬೈತಿದ್ನೋ? ಬೋಟ್ಸ್‌ವಾನಾದಾಗ ಬ್ರಿಟಿಷರು ನೆಟ್ಟಗ ಒಂದು ರಸ್ತಾನೂ ಬಿಟ್ಟು ಹೋಗ್ಲಿಲ್ಲ. ಆದ್ರ ಊರ ಸಭಿಯಾಗ ಎಂಥಾವನೂ ಎದ್ದು ನಿಂತು ಮುಖಂಡನ್ನ ಕೇಳೋ ರೂಢಿ ಅಲ್ಲಿ ಮೊದಲಿಂದ ಇತ್ತು. ಅದು ಉಳೀತು, ದೇಶಾನೂ ಉಳೀತು.”

ಸಂಯೋಜಕರು ಸಮಯದ ಅಭಾವ ಎಂದು ಮೈಕು ಕಿತ್ತುಕೊಂಡರು. ಉಪ್ಪಿಟ್ಟು ಆರುತ್ತಿತ್ತಲ್ಲ, ಪಾಪ.

ದೊಡ್ಡಬಸವರಾಜ ಮಾತ್ರ ಹೊದಿಸಿದ ಶಾಲಿನಲ್ಲೇ ಹಿಂದಿನ ಸಾಲಿಗೆ ಬಂದ. “ಮೇಡಂ, ನೀವು ಹೇಳಿದ್ದನ್ನ ಬರಕೊಂಡೀನಿ. ಚಾ ಕುಡಿಯೋಣು ಬರ್ರಿ.”

ಬರ್ರಿ... ಸೋತವನು ಇಷ್ಟು ಮರ್ಯಾದೆಯಿಂದ ಕರೆದದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಅವಳ ಮನಸ್ಸು ಅಲ್ಲೇ ಸ್ವಲ್ಪ ಮೆತ್ತಗಾಯಿತು. ಪೆದ್ದ ಮನಸ್ಸು!

ಆಮೇಲೆ ಮೂರು ತಿಂಗಳು ಕೌಲ್ ಬಜಾರಿನ ಒಂದು ಪುಟ್ಟ ಹೋಟೆಲು ಅವರಿಬ್ಬರ ಜಗಳಕ್ಕೆ ಜಾಗ ಕೊಟ್ಟಿತು. ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ, ನಡುವೆ ಅರ್ಧ ಆಫ್ರಿಕಾ. ಅವನು ಪುಸ್ತಕ ತಂದು ತೋರಿಸುವನು, ಅವಳು ಅದನ್ನು ಪಕ್ಕಕ್ಕೆ ಸರಿಸಿ ಚಟ್ನಿ ಹಾಕಿಕೊಳ್ಳುವಳು. ಜಗಳವಿಲ್ಲದ ದಿನ ಅವಳಿಗೆ ಊಟ ರುಚಿಸದಂತಾಯಿತು. ಇದಕ್ಕೆ ಏನು ಹೆಸರು ಎಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದಳು.

ಅವನೇ ಒಂದು ಸಂಜೆ ಬಾಯಿಬಿಟ್ಟ. “ನಾನು ನಿಮ್ಮನ್ನ ಮದಿವಿ ಆಗಬೇಕಂತೀನ್ರಿ. ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ, ನಿಮ್ಮಪ್ಪಾರು ಗೌಂಡಿ ಕೆಲಸ ಮಾಡ್ತಾರ ಅನ್ನೋದೂ ಗೊತ್ತೈತಿ. ನಂದೇನೂ ಅಡ್ಡಿ ಇಲ್ಲ.”

“ಅಡ್ಡಿ ಇಲ್ಲ ಅನ್ನಾಕ ನೀವ್ಯಾರ್ರಿ? ನಾನೇನು ಪರವಾನಗಿ ಕೇಳಿದ್ನೇನು?”

ಅವನ ಮುಖ ಕೆಂಪಾಯಿತು. “ತಪ್ಪಾತು. ಮತ್ತ ಹೇಳ್ತೀನಿ. ನೀವು ಇಲ್ಲಂದ್ರ ನನಗ ಬಾಳ ಕಷ್ಟ ಆಗ್ತೈತಿ.”

ಇದು ಸರಿಯಾದ ಮಾತು. ಅವಳು ತನ್ನ ಪಾಲಿನ ಮಿರ್ಚಿಯನ್ನು ಅವನ ಪ್ಲೇಟಿಗೆ ಹಾಕಿದಳು. ಮುಂದಿನ ಭಾನುವಾರ ಕುರುಗೋಡಿಗೆ ಹೋಗಿ ಅವನ ತಾಯಿ ಅಕ್ಕನಾಗಮ್ಮನನ್ನು ಕಾಣುವುದೆಂದು ಮಾತಾಯಿತು.

ಕುರುಗೋಡಿನ ಆ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಅಂಗಳದಲ್ಲಿ ಉಸುಕಿನ ಗುಡ್ಡೆ, ಸಿಮೆಂಟಿನ ಚೀಲ. ಅವನು ಬೈಕು ನಿಲ್ಲಿಸಿ ಮುಂದೆ ನಡೆದ. ಹೊಸ ಚಪ್ಪಲಿಗೆ ಸಿಮೆಂಟು ತಾಗೀತೆಂದು ಅವಳು ಸೀರೆ ಎತ್ತಿಕೊಂಡು ಹಿಂದೆ ಬಂದಳು.

ಮೆಟ್ಟಿಲ ಬಳಿ ಯಾರೋ ಬೆನ್ನು ಮಾಡಿ ಸಿಮೆಂಟು ಕಲಸುತ್ತಿದ್ದರು.

“ಲೇ ಮಲ್ಯಾ, ಆ ಬುಟ್ಟಿ ಸರಿಸಲೇ ಅತ್ತಾಗ. ಮೇಡಮ್ಮಾರು ಬರ್ತಾರ.” ದೊಡ್ಡಬಸವರಾಜ ಹಾಗೆಂದು ಇತ್ತ ತಿರುಗಿದ. “ಬರ್ರಿ ಮೇಡಂ, ಬರ್ರಿ.”

ಒಂದೇ ಉಸಿರು. ಅರ್ಧ ಉಸಿರಿನಲ್ಲಿ ‘ಲೇ’, ಉಳಿದರ್ಧದಲ್ಲಿ ‘ರಿ’.

ಬುಟ್ಟಿ ಸರಿಸಲು ಬಗ್ಗಿದವರು ತಲೆಯೆತ್ತಿದರು. ಅರವತ್ತರ ಹತ್ತಿರದ ಮುಖ, ಹುಬ್ಬಿನ ಮೇಲೆಲ್ಲ ಬೂದು ಪುಡಿ. ನಂದಿನಿಯ ಅಪ್ಪ ಮಲ್ಲಯ್ಯ!

ಅಪ್ಪ ಆರು ವಾರದಿಂದ ಕುರುಗೋಡಿನ ಕಡೆ ಕೆಲಸಕ್ಕೆ ಹೋಗುವುದು ಅವಳಿಗೆ ಗೊತ್ತಿತ್ತು. ಯಾರ ಮನೆ ಎಂದು ಅವಳು ಕೇಳಿರಲಿಲ್ಲ. ಆ ಮನೆಯಲ್ಲಿಯೂ ಆರು ವಾರದಲ್ಲಿ ಒಬ್ಬರೂ, ನಿನ್ನ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿರಲಿಲ್ಲ.

ಮಲ್ಲಯ್ಯ ಮಗಳನ್ನು ನೋಡಿದ. ಸೀರೆ ನೋಡಿದ, ಪಕ್ಕದಲ್ಲಿದ್ದವನನ್ನು ನೋಡಿದ. ಅರ್ಥವಾಯಿತು. ಗುರುತು ಹಿಡಿಯದವನಂತೆ ಕಣ್ಣು ಕೆಳಗೆ ಮಾಡಿ, “ಹೂನ್ರಿ ಸಣ್ಣ ಧಣಿ” ಎಂದು ಬುಟ್ಟಿ ಎತ್ತಿದ. ಮಗಳ ಮಾನ ಉಳಿಸಲು ತನ್ನದನ್ನು ಅಷ್ಟು ಸಲೀಸಾಗಿ ಪಕ್ಕಕ್ಕಿಟ್ಟ.

ನಂದಿನಿ ಸುಮ್ಮನೆ ನಿಂತಳು. ಎಷ್ಟು ಹೊತ್ತು? ನಾಲ್ಕು ಉಸಿರಿನಷ್ಟು. ಆ ನಾಲ್ಕು ಉಸಿರಿಗಾಗಿ ಅವಳು ತನ್ನನ್ನು ತಾನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಆಮೇಲೆ ಉಸುಕು ತುಳಿದು ಹೋಗಿ ಬುಟ್ಟಿಯ ಇನ್ನೊಂದು ಹಿಡಿಕೆ ಹಿಡಿದಳು. “ಅಪ್ಪಾ, ನಡಿ ಮನಿಗೆ.”

ದೊಡ್ಡಬಸವರಾಜ ಅಡ್ಡ ಬಂದ. “ಮೇಡಂ... ನನಗ ಗೊತ್ತಿರ್ಲಿಲ್ಲ. ನಿಮ್ಮಪ್ಪಾರು ಅಂತ ಖರೇನ ಗೊತ್ತಿರ್ಲಿಲ್ರಿ.”

“ಗೊತ್ತಿದ್ರ ಬರ್ರಿ ಅಂತಿದ್ರಿ. ನಮ್ಮಪ್ಪ ಅಲ್ಲದಾವ ಆಗಿದ್ರ? ಅವಂಗ ಲೇ ನಡೀತಿತ್ತಲ್ಲ?” ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಸುಟ್ಟಿತು. “ನಿಮ್ಮ ಭಾಷಣಕ್ಕ ಉತ್ತರ ನಿಮ್ಮ ಬಾಯಾಗ ಇತ್ತು ಸರ್. ಘಾನಾಕ್ಕ ಯಾಕ ಹೋಗಿದ್ರಿ?”

ಬಸ್ಸಿನಲ್ಲಿ ಮಲ್ಲಯ್ಯ ಕಿಟಕಿಯ ಹೊರಗೆ ನೋಡುತ್ತ ಹೇಳಿದ, “ಆ ಹುಡುಗ ಕೆಟ್ಟಾವ ಅಲ್ಲ ಯವ್ವಾ. ನಾನು ಸಣ್ಣಾವ ಇದ್ದಾಗಿಂದ ಎಲ್ಲಾರೂ ಹಂಗ ಕರೀತಾರ. ನನಗ ಅದು ಕೇಳಸೋದಽ ಇಲ್ಲ.”

“ನಿನಗ ಕೇಳಸೋದಿಲ್ಲ ಅಂತೀಯಲ್ಲ, ನನ್ನ ಹೊಟ್ಟಿ ಉರಿಯೋದು ಅದಕ್ಕ ಅಪ್ಪಾ.”

ಅಳು ಬಂತು. ಬಸ್ಸಿನ ತುಂಬ ಜನ ಇದ್ದರು, ಆದರೂ ಅತ್ತಳು.

ಅವನು ಫೋನು ಮಾಡಿದ, ಎತ್ತಲಿಲ್ಲ. ಸ್ಟಾಫ್ ರೂಮಿನಲ್ಲಿ ಎದುರು ಬಂದ, ಕಿಟಕಿ ನೋಡಿದಳು. ನಾಲ್ಕನೆಯ ದಿನ ಅವಳ ಹಾಜರಿ ಪುಸ್ತಕದೊಳಗೆ ಐದು ಪುಟದ ಕಾಗದ ಸಿಕ್ಕಿತು. ಪರಕೀಯ ಆಳ್ವಿಕೆ ಕಲಿಸಿದ ಮೇಲು-ಕೀಳು ನಮ್ಮ ನಾಲಿಗೆಯಲ್ಲಿ ಹೇಗೆ ಬೇರೂರಿದೆ ಎಂಬ ವಿಶ್ಲೇಷಣೆ. ಅಡಿಟಿಪ್ಪಣಿ ಸಮೇತ. ಕ್ಷಮೆ ಕೇಳುವುದಕ್ಕೂ ಆಧಾರ ಗ್ರಂಥ ಕೊಡುವ ಇನ್ನೊಬ್ಬ ಗಂಡಸನ್ನು ಲೋಕ ಕಂಡಿರಲಾರದು.

ನಂದಿನಿ ಕೆಂಪು ಪೆನ್ನು ತೆಗೆದು ಹತ್ತಕ್ಕೆ ಎರಡು ಅಂಕ ಹಾಕಿದಳು. ಕೆಳಗೆ ಬರೆದಳು: “ಶ್ರಮಿಕ ವರ್ಗ ಎಂದು ಹನ್ನೊಂದು ಸಲ ಇದೆ. ಮಲ್ಲಯ್ಯ ಎಂದು ಒಂದು ಸಲವೂ ಇಲ್ಲ. ಬ್ರಿಟಿಷರು ‘ಲೇ’ ಕಲಿಸಿ ಹೋಗಲಿಲ್ಲ. ಅದು ನಮ್ಮದೇ ಸರಕು.”

ಕಾಗದವನ್ನು ಅವನ ಮೇಜಿನ ಮೇಲಿಟ್ಟು ತರಗತಿಗೆ ಹೋದಳು. ಅವನನ್ನು ತಿರಸ್ಕರಿಸುವುದು ಎಷ್ಟು ಸುಲಭವೋ ಮರೆಯುವುದು ಅಷ್ಟೇ ಕಷ್ಟವಾಗಿತ್ತು. ಅಪ್ಪನಿಗೆ ‘ಲೇ’ ಎನ್ನುವ ಮನೆಗೆ ತಾನು ಸೊಸೆಯಾಗಿ ಕಾಲಿಡುವುದೇ? ಸಾಧ್ಯವಿಲ್ಲ... ಅವನಿಲ್ಲದೆ ಇರುವುದು? ಅದೂ ಸಾಧ್ಯವಿಲ್ಲ.

ಮಲ್ಲಯ್ಯ ನಾಲ್ಕು ದಿನ ಮನೆಯಲ್ಲಿ ಕೂತು, ಐದನೆಯ ದಿನ ಗಾರೆ ಮೆತ್ತುವ ಕರಣಿ ಚೀಲಕ್ಕೆ ಹಾಕಿಕೊಂಡು ಮತ್ತೆ ಕುರುಗೋಡಿನ ಬಸ್ಸು ಹತ್ತಿದ. ಅವನ ಹೆಂಡತಿ ಊರಮ್ಮ, “ಮೆಟ್ಟಲು ಅರ್ಧಕ್ಕ ನಿಂತಾವಂತ, ಮುಗಿಸಿ ಬರ್ತೀನಂದ” ಎಂದು ಹೇಳಿದಾಗ ಮಗಳು ತಟ್ಟೆ ಸರಿಸಿ ಎದ್ದಳು. ಅಪ್ಪ ಮೆಟ್ಟಿಲು ಮುಗಿದಿಲ್ಲವೆಂದು ಹತ್ತು ದಿನ ಅಲ್ಲೇ ಹೋಗಿ ಬಂದ. ಅವಳು ಅಷ್ಟೂ ದಿನ ಮಾತು ಬಿಟ್ಟಳು. ಭಾನುವಾರ ತಡೆಯಲಾಗದೆ ಅಪ್ಪನನ್ನು ಕರೆದು ತರಲೆಂದೇ ಹೊರಟಳು.

ಮಧ್ಯಾಹ್ನದ ಹೊತ್ತು. ಗೇಟಿನ ಹೊರಗೆ ನಿಂತಾಗ ಒಳಗಿನ ಮಾತು ಕೇಳಿಸಿತು.

“ಲೇ ಮಲ್ಯಾ, ಬಾ, ಉಣ್ಣು.” ಅಕ್ಕನಾಗಮ್ಮನ ದನಿ.

“ಅವ್ವಾ, ಬರ್ರಿ ಅನ್ನು.” ಇದು ದೊಡ್ಡಬಸವರಾಜ.

“ಗೌಂಡಿಗೆ ಬರ್ರಿ ಅಂತಾರೇನಲೇ? ನನ್ನ ನಾಲಿಗಿ ಹೊಳ್ಳೋದಿಲ್ಲ.”

“ನಂದೂ ಹೊಳ್ಳಲಿಲ್ಲವ್ವಾ. ಹತ್ತು ದಿನ ಆತು ರೂಢಿ ಮಾಡಾಕ ಹತ್ತಿ. ಮೊದಲನೇ ದಿನ ಮಲ್ಲಯ್ಯ ಅಂದು ಅಲ್ಲಿಗೇ ನಿಂತೆ, ಮುಂದ ಬಾಯಿ ಏಳಲಿಲ್ಲ. ಎಷ್ಟು ನಾಚಿಗಿ ಆತು ಅಂದ್ರ... ಮಾಸ್ತರ್ ಅಂತಾರ ನನ್ನ, ಮನಿ ಮುಂದ ಇಷ್ಟುದ್ದ ಹೆಸರಿನ ಬೋರ್ಡು ಬ್ಯಾರೆ.”

“ಓಣ್ಯಾಗಿನವ್ರು ಕೇಳಿದ್ರ ನಗ್ತಾರ.”

“ನಗ್ಲಿ. ಅವರು ನಗೋದಕ್ಕ ಅಂಜಿ ನಾನು ನಂದಿನಿನ್ನ ಕಳಕೊಳ್ಳಾಕ ತಯಾರಿಲ್ಲ. ಅವಳು ಬರ್ಲಿ, ಬಿಡ್ಲಿ. ಮಲ್ಲಯ್ಯನವ್ರಿಗೆ ಈ ಮನ್ಯಾಗ ಲೇ ಅನ್ನಂಗಿಲ್ಲ.”

ಪಾತ್ರೆಯೊಂದನ್ನು ಜೋರಾಗಿ ಕೆಳಗಿಟ್ಟಂತಾಯಿತು. ಆಮೇಲೆ ಅಕ್ಕನಾಗಮ್ಮ ಗೋಡೆಗೆ ಹೇಳಿದಂತೆ ಹೇಳಿದಳು, “ಮಲ್ಲಯ್ಯ... ಊಟಕ್ಕ ಬರೋದಾಗ್ಲಿ.”

ಬಾ ಅಲ್ಲ, ಬರ್ರಿಯೂ ಅಲ್ಲ. ಮರ್ಯಾದೆ ಕೊಡದೆ, ಕಸಿಯದೆ ನುಸುಳಿಕೊಳ್ಳಲು ನಮ್ಮ ಭಾಷೆಯಲ್ಲಿರುವ ಕಳ್ಳದಾರಿ ಅದು. ಎಷ್ಟೋ ದೇಶಗಳು ಎಪ್ಪತ್ತೆಂಬತ್ತು ವರ್ಷಗಳಿಂದ ಆ ದಾರಿಯಲ್ಲೇ ನಿಂತಿವೆ.

ಮಲ್ಲಯ್ಯ ನಕ್ಕುಬಿಟ್ಟ. “ಅಮ್ಮಾರ, ಇಷ್ಟು ಕಷ್ಟ ಪಟ್ರಲ್ಲ, ಸಾಕು ಬಿಡ್ರಿ ಇವತ್ತಿಗೆ.”

“ಸಾಲದು” ಎಂದ ದೊಡ್ಡಬಸವರಾಜ. ಅವನು ಉಸುಕಿನ ಮೇಲೆ ಮಲ್ಲಯ್ಯನ ಎದುರಿಗೇ ಕೂತದ್ದು ಗೇಟಿನ ಸಂದಿಯಲ್ಲಿ ಕಂಡಿತು. “ಮಲ್ಲಯ್ಯನವ್ರ, ಅವತ್ತು ನಿಮಗ ಆಡಿದ್ದು ತಪ್ಪು. ಅದಕ್ಕೂ ಮೊದಲು ಆರು ವಾರ ದಿನಾ ಆಡಿದ್ದೂ ತಪ್ಪು. ನಿಮ್ಮ ಮಗಳನ್ನ ಕೇಳಾಕ ಸಿರಿಗೇರಿಗೆ ಬರಬೇಕಂತ ಆಸಿ ಐತಿ. ಬರಬಹುದೇನ್ರಿ?”

ಮಲ್ಲಯ್ಯ ಕೈಗಂಟಿದ ಸಿಮೆಂಟನ್ನು ಪಂಚೆಯಂಚಿಗೆ ಒರೆಸಿಕೊಂಡ. ಹುಡುಗನ ಮುಖವನ್ನು ನೇರವಾಗಿ ನೋಡಿದ. ಸಣ್ಣ ಧಣಿ ಎನ್ನುವ ಮಾತು ತುಟಿಯವರೆಗೆ ಬಂದದ್ದು ಕಾಣಿಸಿತು. ಅದು ಹೊರಗೆ ಬರಲಿಲ್ಲ.

“ಬಾಪ್ಪಾ” ಎಂದ.

ಅಷ್ಟೇ. ಹಿರಿಯನೊಬ್ಬ ಮನೆಯ ಹುಡುಗನಿಗೆ ಹೇಳುವ ಮಾತು. ಅರವತ್ತು ವರ್ಷದಲ್ಲಿ ಅಂಥ ಮನೆತನದವರಿಗೆ ಅವನು ಅದನ್ನು ಹೇಳಿದ್ದು ಮೊದಲ ಸಲ. ಗೇಟಿನ ಹೊರಗೆ ನಂದಿನಿಯ ಕಣ್ಣು ಮಂಜಾಯಿತು. ತನ್ನ ಇಡೀ ಪಾಠದಲ್ಲಿ ಇಲ್ಲದ ಸ್ವಾತಂತ್ರ್ಯವನ್ನು ಅಪ್ಪ ಒಂದು ಮಾತಿನಲ್ಲಿ ತೆಗೆದುಕೊಂಡಿದ್ದ.

ಗೇಟು ಕಿರುಗುಟ್ಟಿತು. ಅಕ್ಕನಾಗಮ್ಮ ಅವಳನ್ನು ಕಂಡು ಮುಖ ಊದಿಸಿಕೊಂಡೇ ಇನ್ನೊಂದು ತಟ್ಟೆ ತರಲು ಒಳಗೆ ಹೋದಳು. ದೊಡ್ಡಬಸವರಾಜ ಗಡಬಡಿಸಿ ಎದ್ದು ಬಂದ, ಅಂಗಿಯ ಹಿಂದೆಲ್ಲ ಉಸುಕು.

“ಮೇಡಂ, ಒಳಗ ಬರ್ರಿ.”

ಅವಳು ಕದಲಲಿಲ್ಲ. “ಎಷ್ಟೊತ್ತಿನಿಂದ ಕೇಳಾಕ ಹತ್ತೀನಿ ನಿಮ್ಮ ಬರ್ರಿ. ಅದು ನಮ್ಮಪ್ಪಗಿರ್ಲಿ. ನನಗ ಬ್ಯಾಡ.”

ಅವನ ಮುಖ ಬಾಡಿತು. “ಇನ್ನೂ ಸಿಟ್ಟೇನ್ರಿ?”

“ಹತ್ತಕ್ಕ ಆರು ಕೊಟ್ಟೀನಿ ಇವತ್ತು. ಸಿಟ್ಟು ಇನ್ನೂ ಐತಿ. ಅದಿರ್ಲಿ. ನನಗ ಬಾ ಅನ್ರಿ.”

“ಆ ಅಕ್ಷರ ಅನ್ನಾಕಽ ಅಂಜಿಕಿ ಆಗ್ತೈತಿ ಈಗ.”

“ಅಂಜಿ ಅನ್ನು. ಅಂಜಿ ಅಂದ್ರ ಅದು ಪ್ರೀತಿ.”

ಅವಳು ತನಗೆ ‘ರಿ’ ಬಿಟ್ಟದ್ದನ್ನು ಅವನು ತಡವಾಗಿ ಗಮನಿಸಿದ. ನಗು ಬಂತು, ಕಣ್ಣೂ ತುಂಬಿತು.

“ಬಾ, ನಂದಿನಿ.”

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಅವಳನ್ನೇ ನೋಡುತ್ತ ನಿಂತೇ ಇದ್ದ.

“ದಾರಿ ಬಿಡಲೇ” ಎಂದಳು ನಂದಿನಿ ಮೆಲ್ಲಗೆ. “ಬಾ ಅಂದು ಬಾಗಿಲಾಗ ನಿಂತೀಯಲ್ಲ.”