ಗಾಜಿನಾಚೆ ಅಪ್ಪ, ಈಚೆ ಮಗ

ಮೊದಲ ದಿನವೇ ಅವಳಿಗೆ ಡೈರೆಕ್ಟರ್ ಮೇಲೆ ಸಿಟ್ಟು ಬಂತು. ಡಬ್ಬಿಂಗ್ ಸ್ಟುಡಿಯೋದ ಸೌಂಡ್ ಎಂಜಿನಿಯರ್ ಅವಳು. ಗಾಜಿನಾಚೆ ಮೈಕ್ ಮುಂದೆ ನಿಂತಿದ್ದ ವಯಸ್ಸಾದವರಿಗೆ ಅವನು ಒಂದು ಮಾತನ್ನೂ ನೇರ ಹೇಳಲಿಲ್ಲ. "ಇನ್ನೂ ಮೆತ್ತಗೆ ಅಂತ ಹೇಳಿ ಅವರಿಗೆ" ಅಂತ ಎಲ್ಲವನ್ನೂ ಇವಳ ಬಾಯಿಂದಲೇ ಹೇಳಿಸುತ್ತಿದ್ದ. ಎಂಥ ದುರಹಂಕಾರ ಅಂದುಕೊಂಡಳು. ಟೀ ಹೊತ್ತಿಗೆ ಗೊತ್ತಾಯಿತು, ಆಚೆ ನಿಂತವರು ಅವನ ಹೆತ್ತ ತಂದೆ.

ಸಿನಿಮಾದ ಕತೆಯೂ ಅಪ್ಪ ಮಗನದ್ದೇ. ಗೆಳೆಯರನ್ನು ಕಟ್ಟಿಕೊಂಡು ಅವನೇ ಬರೆದು ತೆಗೆದ ಚಿಕ್ಕ ಸಿನಿಮಾ. ಅಪ್ಪನ ಪಾತ್ರಕ್ಕೆ ದನಿ ಕೊಡಲು ಒಪ್ಪಿದ್ದ ನಟ ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ, ಅವನ ಸೋದರತ್ತೆ ಹಟ ಹಿಡಿದು ತನ್ನ ಅಣ್ಣನನ್ನೇ ಕಳಿಸಿದ್ದಳು. ರಿಟೈರಾದ ಡ್ರಿಲ್ ಮೇಷ್ಟ್ರು. ಗುಟ್ಟು ಹೇಳಿದರೂ ಮೈದಾನದ ತುದಿಗೆ ಕೇಳುವ ಗಂಟಲು. ಮನೆಯಲ್ಲಿ ಇಬ್ಬರ ನಡುವೆ ಮಾತು ಸಾಗಿಸುತ್ತಿದ್ದವಳು ಅಮ್ಮ. ಆಕೆ ತೀರಿಕೊಂಡು ಆರು ವರ್ಷ. ಅಂದಿನಿಂದ ಮಾತೂ ನಿಂತಿತ್ತು.

ಈಗ ಆ ಕೆಲಸ ಇವಳ ಪಾಲಿಗೆ ಬಂತು. ಗಂಟಲು ಒಣಗಿದೆ ಅಂತ ನಿಮ್ಮ ಡೈರೆಕ್ಟರಿಗೆ ಹೇಳಮ್ಮ ಅನ್ನುತ್ತಿದ್ದರು ಮೇಷ್ಟ್ರು. ಮಗ ತಾನೇ ಎದ್ದುಹೋಗಿ ಬಿಸಿನೀರು ತಂದು ಇವಳ ಕೈಗೆ ಕೊಡುತ್ತಿದ್ದ. ಕೊಡುವಾಗ ಒಂದು ಕ್ಷಣ ಇವಳ ಮುಖ ನೋಡಿ, ಕದ್ದು ಸಿಕ್ಕಿಬಿದ್ದವನ ಹಾಗೆ ಕಣ್ಣನ್ನು ಸ್ಕ್ರೀನಿಗೆ ತಿರುಗಿಸುತ್ತಿದ್ದ. ಇವಳು ಬೇಕೆಂದೇ ಲೋಟ ಹಿಡಿಯಲು ತಡಮಾಡುತ್ತಿದ್ದಳು.

ಡೈವೋರ್ಸ್ ಆಗಿ ನಾಲ್ಕು ವರ್ಷದ ಒಂಟಿ ಬಾಳು ಅವಳದು. ದಿನವಿಡೀ ಕಿವಿತುಂಬ ಬೇರೆಯವರ ಮಾತು; ಮನೆಗೆ ಹೋದರೆ ಫ್ರಿಜ್ಜಿನ ಸದ್ದು. ಕೆಲವು ಭಾನುವಾರ ಸಂಜೆ ತರಕಾರಿಯವನ ಹತ್ತಿರ ಮಾತಾಡಿದಾಗಲೇ, ಇವತ್ತು ಬಾಯಿ ತೆರೆದದ್ದು ಇದೇ ಮೊದಲು ಅನ್ನುವುದು ಹೊಳೆಯುತ್ತಿತ್ತು.

ಕೊನೆಯ ದಿನ ಉಳಿದಿದ್ದದ್ದು ಒಂದೇ ಡೈಲಾಗು: "ನೀನಿಲ್ದೆ ಮನೆ ಬಿಕೋ ಅನ್ನತ್ತೆ ಮಗಾ." ಹನ್ನೊಂದು ಟೇಕ್ ಆದರೂ ಮೇಷ್ಟ್ರ ಬಾಯಲ್ಲಿ ಅದು ಕವಾಯತಿನ ಆರ್ಡರಿನಂತೆಯೇ ಬಂತು. ಇನ್ನೊಂದು ಸಲ ಹೇಳಿಸಿ ಅಂದ ಡೈರೆಕ್ಟರ್.

ಅವಳು ಕೈಕಟ್ಟಿ ಕೂತಳು. "ನೀವೇ ಹೇಳಿ. ಇದು ನನ್ನ ಕೈಲಾಗಲ್ಲ."

ಅವನು ಕುರ್ಚಿ ಮುಂದೆಳೆದು, ಆಚೆಗೆ ಮಾತು ಕೇಳಿಸುವ ಬಟನ್ ಒತ್ತಿದ. "ಅಪ್ಪಾ, ನನಗೇ ಹೇಳ್ತಿರೋ ಹಾಗೆ ಹೇಳಿ."

ಆಚೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಸಲ ದನಿ ಎಷ್ಟು ಸಣ್ಣಗಾಯಿತೆಂದರೆ ಅವಳು ವಾಲ್ಯೂಮ್ ಏರಿಸಬೇಕಾಯಿತು.

ಅಪ್ಪ ಮಗ ಒಟ್ಟಿಗೇ ಹೊರಟರು. ಅವನು ಥ್ಯಾಂಕ್ಸ್ ಹೇಳಿದ. ಇನ್ನೇನೋ ಹೇಳಲು ಹೋಗಿ, ನುಂಗಿಕೊಂಡು ಮೆಟ್ಟಿಲಿಳಿದ. ಅವಳು ಕೇಬಲ್ ಸುತ್ತುತ್ತ ನಿಂತಳು. ಇಬ್ಬರನ್ನೂ ಸೇರಿಸಿದ ಖುಷಿಯಿತ್ತು. ನಾಳೆಯಿಂದ ಅವರಿಗೆ ತಾನು ಬೇಕಾಗಿಲ್ಲ ಅನ್ನುವುದೂ ಅಷ್ಟೇ ನಿಜವಾಗಿತ್ತು. ಕೋಣೆ ಒಮ್ಮೆಲೇ ದೊಡ್ಡದಾದಂತೆ ಕಂಡಿತು.

ಬಾಗಿಲು ತೆರೆಯಿತು. ಅವನು ಏದುಸಿರು ಬಿಡುತ್ತಿದ್ದ.

"ಅಪ್ಪ ಹೋಗಿ ಕಾರಿನ ಹಿಂದಿನ ಸೀಟಲ್ಲಿ ಕೂತಿದಾರೆ. ಮುಂದೆ ನೀವು ಕೂತ್ಕೋಬೇಕಂತೆ. ನಿಮ್ಮನ್ನ ಬಿಟ್ಟು ಹೋದ್ರೆ ನನ್ನಂಥ ದಡ್ಡ ಇಲ್ವಂತೆ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಅದೆಲ್ಲ ಅವರ ಮಾತಾಯ್ತು. ನಿಮ್ಮದು?"

ಅವನ ಕಿವಿ ಕೆಂಪಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

"ನನಗೆ ನೀವು ಬೇಕು" ಅಂದ. "ಮೊದಲ ದಿನದಿಂದ."

ಅರ್ಧ ಸುತ್ತಿದ ಕೇಬಲನ್ನು ಅಲ್ಲೇ ಬಿಟ್ಟು ಅವಳು ಬ್ಯಾಗು ಎತ್ತಿಕೊಂಡಳು. "ನಡೀರಿ" ಅಂದಳು, "ಮೇಷ್ಟ್ರನ್ನ ಎಷ್ಟು ಹೊತ್ತು ಕಾಯಿಸ್ತೀರಿ?"