ಎಪ್ಪತ್ತಮೂರನೇ ಪುಟದ ಕಲೆ

ಜುಲೈ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಿವೃತ್ತ ಪ್ರಾಂಶುಪಾಲೆಯೊಬ್ಬರು ಠಾಣೆಗೆ ಬಂದು ಎರಡು ಪುಟದ ದೂರನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

“ಹೋಗಿರೋದು ಒಂದು ಪುಸ್ತಕವಾ?” ಎಂದರು ಇನ್ಸ್‌ಪೆಕ್ಟರ್.

“ನಾಲ್ಕು ಪಾರ್ಸೆಲ್ ಮೂರು ವಾರ ತಡವಾಗಿ ಸೇರಿದವು. ನನ್ನದು ಸೇರಲೇ ಇಲ್ಲ. ಜೂನ್ ಒಂಬತ್ತಕ್ಕೆ ಕಳಿಸಿದ್ದು. ನಮ್ಮಮ್ಮ ಓದ್ತಿದ್ದ ಪುಸ್ತಕ ಅದು. ಅಂಚಿನ ತುಂಬ ಅವರ ಕೈಬರಹ. ಅಂಗಡಿಯಲ್ಲಿ ಸಿಗೋದಲ್ಲ.”

“ಅಂಥದ್ದನ್ನ ಯಾಕೆ ಕಳಿಸಿದ್ರಿ?”

ಫೋನಿನಲ್ಲಿ ಅವರದೊಂದು ಓದುಗರ ಗುಂಪಿತ್ತು. ನಾನೂರು ಜನ. ಯಾರ ಹತ್ತಿರ ಯಾವ ಪುಸ್ತಕವಿದೆ ಎಂದು ಅಲ್ಲಿ ಪಟ್ಟಿ ಹಾಕುವುದು, ಬೇಕಾದವರು ಕೇಳುವುದು, ಇದ್ದವರು ಕಳಿಸುವುದು. “ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ನಿಯಮ ಮಾಡಿದವಳೇ ನಾನು. ನಾನೇ ಮುರಿದರೆ ಹೇಗೆ?”

“ಗುರುತು ಹೇಳಿ.”

“ನೀಲಿ ರಟ್ಟು. ಒಳಗೆ ಒಂದು ಕಲೆಯೂ ಇಲ್ಲ. ಪ್ರತಿ ಪುಟವೂ ನನಗೆ ಬಾಯಿಪಾಠ.”

ಹನ್ನೊಂದು ಐದಕ್ಕೆ ಎಫ್‌ಐಆರ್ ಆಯಿತು. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್, ನಲವತ್ತಾರರ ಹೆಂಗಸು, ದೂರುದಾರರು ಹೋಗುವ ತನಕ ತಲೆ ಎತ್ತಲಿಲ್ಲ.

“ಸರ್, ಆ ಗುಂಪಿನಲ್ಲಿ ನಾನೂ ಇದ್ದೀನಿ.”

“ಹೌದಾ? ಎಷ್ಟು ಪುಸ್ತಕ ಕೊಟ್ಟಿದ್ದೀರಿ?”

“ಕೊಟ್ಟಿಲ್ಲ. ತಗೊಂಡೂ ಇಲ್ಲ. ಸುಮ್ನೆ ನೋಡ್ತಿರ್ತೀನಿ.”

“ಮದುವೆಮನೆಗೆ ಹೋಗಿ ಉಣ್ಣದೆ ಬರೋರ ಹಾಗೆ,” ಎಂದು ಇನ್ಸ್‌ಪೆಕ್ಟರ್ ನಕ್ಕರು. ಆಕೆಯೂ ನಕ್ಕಳು. ಸುಮ್ಮನೆ ನೋಡುವುದು ಆಕೆಗೆ ಕೆಲಸದಿಂದ ಬಂದ ಅಭ್ಯಾಸವೋ, ಸ್ವಭಾವವೋ, ಆಕೆಗೇ ತಿಳಿಯದು.

ಗುಂಪಿನ ರೂಢಿಗಳನ್ನು ಆಕೆಯೇ ಬಿಡಿಸಿ ಹೇಳಿದಳು. ಕಳಿಸುವವರು ಪಾರ್ಸೆಲ್ಲಿನ ಮೂಲೆಯಲ್ಲಿ ಚಿಕ್ಕದೊಂದು ದೀಪ ಬರೆಯಬೇಕು. ಓದಿದವರು ಎಲ್ಲಿ ಕೂತು ಓದಿದೆ, ಯಾವ ಪುಟದಲ್ಲಿ ನಿಂತೆ ಎಂದು ಚೀಟಿ ಬರೆದು, ಹೆಸರು ಹಾಕಿ, ಪುಸ್ತಕದೊಳಗೆ ಇಡಬೇಕು.

ಮಂಗಳವಾರ ಮಧ್ಯಾಹ್ನ ಇಬ್ಬರೂ ಒಬ್ಬ ದರ್ಜಿ ಹೆಂಗಸಿನ ಅಂಗಡಿಗೆ ಹೋದರು. ತಡವಾಗಿ ಬಂದ ಪುಸ್ತಕಗಳಲ್ಲಿ ಒಂದು ಅವಳ ಬಳಿ ಇತ್ತು. ಅವಳು ಯಂತ್ರದ ಚಕ್ರ ನಿಲ್ಲಿಸಿ, ಬಟ್ಟೆಯ ರಾಶಿಯ ಅಡಿಯಿಂದ ಅದನ್ನು ಎಳೆದಳು.

“ಕಳಿಸಿದವರು ಬೆನ್ನು ಕಿತ್ತಿದೆ, ಜೋಪಾನ ಅಂದಿದ್ರು. ನನ್ನ ಕೈಗೆ ಬಂದಾಗ ಹೊಲಿದಿತ್ತು, ನೋಡಿ.”

“ನೀವು ಹೊಲಿದದ್ದಲ್ಲ?”

“ಅಯ್ಯೋ, ನಾನು ಇಷ್ಟು ದಪ್ಪ ದಾರದಲ್ಲಿ ಹೊಲಿದ್ರೆ ಗಿರಾಕಿಗಳು ಮುಖಕ್ಕೆ ಉಗೀತಾರೆ. ಇದು ಮೂಟೆ ಹೊಲಿಯೋ ದಾರ. ಆದ್ರೆ ಕೈ ಮಾತ್ರ ಅಚ್ಚುಕಟ್ಟು.”

ಕೊನೆಯ ಪುಟದಲ್ಲಿ ನೇರಳೆ ಪೆನ್ಸಿಲ್ಲಿನ ಚೀಟಿ ಇತ್ತು. ಊಟದ ಬಿಡುವಿನಲ್ಲಿ ಓದಿದೆ, ನೂರಹನ್ನೆರಡನೇ ಪುಟದಲ್ಲಿ ನಿಂತೆ. ಹೆಸರು ಮಾತ್ರ ಇರಲಿಲ್ಲ. ಹಿಂದೆ ಓದಿದವರು ಯಾರೋ ಮರೆತಿರಬೇಕು ಎಂದುಕೊಂಡಿದ್ದಳಂತೆ ದರ್ಜಿ.

“ಕದ್ದು ಓದಿ, ಹೊಲಿದು, ಚೀಟಿ ಇಟ್ಟು, ಸೇರಬೇಕಾದವರಿಗೇ ಸೇರಿಸಿದ್ದಾರೆ,” ಎಂದರು ಇನ್ಸ್‌ಪೆಕ್ಟರ್ ಜೀಪಿನಲ್ಲಿ. “ಇಂಥ ಕಳ್ಳರು ಹೆಚ್ಚಾದ್ರೆ ನಮಗೆ ಕೆಲಸ ಇರಲ್ಲ. ಚೀಟಿ ಯಾಕೆ ಬರೀಬೇಕಿತ್ತು? ಅದರಿಂದಲೇ ಸಿಕ್ಕಿಬೀಳೋದು.”

“ಓದಿದ ಮೇಲೆ ಯಾರಿಗಾದ್ರೂ ಹೇಳಬೇಕು ಅನ್ನಿಸುತ್ತೆ ಸರ್.”

ಬುಧವಾರ, ಹದಿನಾರರಂದು, ಒಂದು ಗಂಟೆಗೆ ಅವರು ಪಾರ್ಸೆಲ್ ಕಚೇರಿಯ ವಿಂಗಡಣೆ ಕೋಣೆಯಲ್ಲಿದ್ದರು. ಐದು ಪಾರ್ಸೆಲ್‌ಗಳೂ ಹಾದುಹೋದದ್ದು ಅಲ್ಲಿಂದಲೇ. ಉದ್ದನೆಯ ತಗಡಿನ ಮೇಜು, ತೂಕದ ಯಂತ್ರ, ಗೂಟಕ್ಕೆ ನೇತುಹಾಕಿದ ಮೂಟೆ ದಾರದ ಉಂಡೆ. ಪ್ರತಿ ರಿಜಿಸ್ಟರಿಗೂ ಒಂದೊಂದು ನೇರಳೆ ಪೆನ್ಸಿಲ್ ಕಟ್ಟಿತ್ತು. ಚೀಟಿಯ ಅಕ್ಷರ ಮೂರನೇ ರಿಜಿಸ್ಟರಿನ ಅಕ್ಷರಕ್ಕೆ ತಾಳೆಯಾಯಿತು.

“ಇದು ನಮ್ಮ ಅಕ್ಕನದು, ಇಲ್ಲಿ ಎಲ್ಲರೂ ಅವಳನ್ನ ಹಾಗೇ ಕರೆಯೋದು,” ಎಂದರು ಮ್ಯಾನೇಜರು. “ಹನ್ನೊಂದು ವರ್ಷದ ಸರ್ವಿಸು. ಒಂದು ಗುಂಡುಸೂಜಿ ಮುಟ್ಟಿದವಳಲ್ಲ.”

ಅಕ್ಕ ಕಿಟಕಿಯ ಪಕ್ಕ ಮೂಟೆಗಳ ಮೇಲೆ ಕೂತಿದ್ದಳು. ಐವತ್ತರ ಆಸುಪಾಸು. ಪೊಲೀಸರನ್ನು ಕಂಡು ಎದ್ದು, ಕೈ ಒರೆಸಿಕೊಂಡು, ತನ್ನ ಕಪಾಟಿನ ಬೀಗದ ಕೈಯನ್ನು ತಾನೇ ಮುಂದೆ ಚಾಚಿದಳು.

“ಎಷ್ಟು ದಿನದಿಂದ?”

“ಮಾರ್ಚ್‌ನಿಂದ.”

“ಐದೇನಾ?”

“ಐದೇ. ದೀಪ ಇರೋವನ್ನ ಮಾತ್ರ.”

“ದೀಪದ ಗುರುತು ನಿಮಗೆ ಹೇಗೆ ಗೊತ್ತು?”

“ನಾನೂ ಆ ಗುಂಪಿನಲ್ಲಿದ್ದೆ ಸರ್. ಮೂಲೆಮನೆ ಅಂತ ಹೆಸರು ಇಟ್ಕೊಂಡಿದ್ದೆ.”

ಆ ಹೆಸರು ಹೆಡ್ ಕಾನ್‌ಸ್ಟೇಬಲ್‌ಗೆ ಗೊತ್ತಿತ್ತು. ಮೂಲೆಮನೆ. ಎರಡು ವರ್ಷದ ಹಿಂದೆ ಪ್ರಾಂಶುಪಾಲೆ ಗುಂಪಿನಲ್ಲಿ ಒಂದು ಫೋಟೋ ಹಾಕಿದ್ದರು. ಎಣ್ಣೆ ಹೀರಿ ಪಾರದರ್ಶಕವಾದ ಪುಟ. ಕೆಳಗೆ ಒಂದು ಸಾಲು: ಮೂಲೆಮನೆಯವರು ನನ್ನ ಪುಸ್ತಕವನ್ನು ಕರಿದು ಕಳಿಸಿದ್ದಾರೆ, ಅಡುಗೆಮನೆಯವರಿಗೆ ಪುಸ್ತಕ ಯಾಕೆ? ಮಾರನೆಯ ದಿನ ಮೂಲೆಮನೆ ಗುಂಪಿನಲ್ಲಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಆ ಫೋಟೋ ಹುಡುಕಿದಳು. ಅಡಿಯಲ್ಲಿ ಮೂವತ್ತೆಂಟು ನಗುವ ಮುಖಗಳು. ಏಳನೆಯದು ಆಕೆಯದೇ. ಆ ದಿನ ಏನು ಮಾಡುತ್ತಿದ್ದೆ, ಬಸ್ಸಿನಲ್ಲಿದ್ದೆನೋ, ಠಾಣೆಯಲ್ಲೋ, ಒಂದೂ ನೆನಪಾಗಲಿಲ್ಲ. ನಕ್ಕದ್ದೂ ನೆನಪಿರಲಿಲ್ಲ.

ನೀಲಿ ರಟ್ಟಿನ ಪುಸ್ತಕ ಕಪಾಟಿನ ಮೇಲಿನ ಹಲಗೆಯಲ್ಲಿ, ಒಗೆದ ಟವೆಲಿನಲ್ಲಿ ಸುತ್ತಿತ್ತು. ಗುರುತಿಸಲು ಪ್ರಾಂಶುಪಾಲೆಯನ್ನು ಕರೆಸಿದರು. ಫೋಟೋದ ವಿಷಯವನ್ನು ಅಕ್ಕನಿಂದ ಕೇಳಿ ತಿಳಿದಿದ್ದ ಇನ್ಸ್‌ಪೆಕ್ಟರ್, ಈಕೆಯೇ ಮೂಲೆಮನೆ ಎಂದು ಅವರಿಗೆ ಹೇಳಿದರು. ಎರಡು ನಲವತ್ತಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಇನ್ಸ್‌ಪೆಕ್ಟರ್ ಪುಟ ತಿರುವುತ್ತ ಹೇಳುತ್ತಿದ್ದರು, ಹೆಡ್ ಕಾನ್‌ಸ್ಟೇಬಲ್ ಬರೆಯುತ್ತಿದ್ದಳು.

“ಪುಟ ಎಪ್ಪತ್ತಮೂರು. ಬಲಗಡೆ ಎಣ್ಣೆಯ ಕಲೆ, ಅಂಗೈ ಅಗಲ.”

“ಹಾಗಾದ್ರೆ ಅದು ನನ್ನದಲ್ಲ,” ಎಂದರು ಪ್ರಾಂಶುಪಾಲೆ. ಮರುಕ್ಷಣ ಅಕ್ಕನ ಕಡೆ ತಿರುಗಿದರು. “ಅಥವಾ ಇದೂ ಇವಳದೇ ಕೆಲಸ. ಅಭ್ಯಾಸ ಬಿಡುತ್ತಾ?”



“ಕಲೆಯ ಪಕ್ಕ ಬರಹ ಇದೆ,” ಎಂದರು ಇನ್ಸ್‌ಪೆಕ್ಟರ್. “ಓದ್ತೀನಿ. ‘ಒಲೆ ಮುಂದೆ ಓದುವಾಗ ಎಣ್ಣೆ ಸಿಡಿಯಿತು. ಮಗಳು ಕಂಡರೆ ಬೈದಾಳು. ಈ ಹಾಳೆ ಅವಳ ಕಣ್ಣಿಗೆ ಬೀಳದಿರಲಿ.’ ಅಕ್ಷರ ಯಾರದು, ನೋಡಿ ಹೇಳಿ.”

ಪ್ರಾಂಶುಪಾಲೆ ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

“ನಮ್ಮಮ್ಮನದು.”

“ಪ್ರತಿ ಪುಟ ಬಾಯಿಪಾಠ ಅಂದಿದ್ರಿ.”

“ತೆಗೆದು ನೋಡಿರಲಿಲ್ಲ,” ಎಂದರು ಅವರು. ಆ ದನಿ ಕಾಲೇಜು ಆಳಿದವರದ್ದಾಗಿರಲಿಲ್ಲ. “ಅಮ್ಮ ಹೋಗಿ ಒಂಬತ್ತು ವರ್ಷ. ಒಮ್ಮೆಯೂ ತೆಗೆದಿಲ್ಲ. ನಮ್ಮಮ್ಮ ದೊಡ್ಡ ಓದುಗರು ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಇದ್ದಾಗ ಒಲೆ ಮುಂದೆ ಪುಸ್ತಕ ಹಿಡಿದರೆ ಕಿತ್ತುಕೊಳ್ತಿದ್ದೆ.”

ಇನ್ಸ್‌ಪೆಕ್ಟರ್ ಅಕ್ಕನನ್ನು ಕೇಳಿದರು: “ಉಳಿದವನ್ನೆಲ್ಲ ಕಳಿಸಿದ್ದೀರಿ. ಇದನ್ನ ಯಾಕೆ ಇಟ್ಕೊಂಡ್ರಿ? ಇವರ ಮೇಲಿನ ಸಿಟ್ಟಿಗಾ?”

“ಮೊದಲು ಸಿಟ್ಟಿಗೇ ತೆಗೆದದ್ದು ಸರ್. ಎಪ್ಪತ್ತಮೂರಕ್ಕೆ ಬರೋ ತನಕ. ಆಮೇಲೆ ಕಳಿಸೋಕೆ ಕೈ ಬರಲಿಲ್ಲ. ತಗೊಂಡವರು ಈ ಪುಟದ ಫೋಟೋ ಹಾಕಿದ್ರೆ? ಆ ತಾಯಿಯನ್ನೂ ನಗ್ತಿದ್ರು.”

ಪ್ರಾಂಶುಪಾಲೆ ಗೋಡೆಗೆ ಒರಗಿ ನಿಂತರು. “ದೂರು ವಾಪಸ್ ತಗೋತೀನಿ,” ಎಂದರು.

“ಎಫ್‌ಐಆರ್ ಆದ ಮೇಲೆ ಅದು ನಮ್ಮ ಕೈಲಿಲ್ಲಮ್ಮ. ಕೋರ್ಟಿನಲ್ಲಿ ಹೇಳಬೇಕು.”

“ಇವರ ಕೆಲಸ?”

ಮ್ಯಾನೇಜರು ರಿಜಿಸ್ಟರು ಮುಚ್ಚಿದರು. ಪಾರ್ಸೆಲ್ ಒಡೆದವರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೆ ಎಲ್ಲರಿಗಿಂತ ಮೊದಲೇ.

ಮೂರೂವರೆಗೆ ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಜಾಮೀನಿನ ಕಾಗದಕ್ಕೆ ಕಾಯುವಾಗ ಹೆಡ್ ಕಾನ್‌ಸ್ಟೇಬಲ್ ಟೀ ತಂದುಕೊಟ್ಟು ಎದುರು ಕೂತಳು.

“ಅಕ್ಕಾ, ಆವತ್ತು ನಾನೂ ನಕ್ಕಿದ್ದೆ.”

“ಗೊತ್ತು ಮೇಡಂ. ನನ್ನ ಹೆಸರು ಕೇಳಿ, ಫೋನ್ ಹಿಡಿದು ಗೋಡೆ ಕಡೆ ತಿರುಗಿದಾಗಲೇ ಗೊತ್ತಾಯ್ತು.” ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ನಿಮಗೆ ಪುಸ್ತಕ ಇಷ್ಟವಾ?”

“ಹೂಂ.”

“ಹಾಗಾದ್ರೆ ಯಾರಿಗಾದ್ರೂ ಒಂದು ಕೊಡಿ.”

ಸಂಜೆ ಕೇಸ್ ಡೈರಿ ಬರೆಯುವ ಕೆಲಸ ಹೆಡ್ ಕಾನ್‌ಸ್ಟೇಬಲ್ ಪಾಲಿಗೆ ಬಂತು. ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ, ಗುಂಪಿನಲ್ಲಿ ಆದ ಅವಮಾನ ಎಂದು ಬರೆದಳು. ಮತ್ತೆ ಓದಿದಳು. ಯಾರು ಮಾಡಿದ ಅವಮಾನ ಎಂದು ಅದರಲ್ಲಿರಲಿಲ್ಲ. ಪೆನ್ನನ್ನು ಕಾಗದದ ಮೇಲೆ ಊರಿ, ದೂರುದಾರರು ಹಾಗೂ ಇತರ ಮೂವತ್ತೆಂಟು ಸದಸ್ಯರು ಎಂದು ಸೇರಿಸಿದಳು. ಆಮೇಲೆ ಆವರಣದೊಳಗೆ ತನ್ನ ಹುದ್ದೆ, ತನ್ನ ನಂಬರು.

ಇನ್ಸ್‌ಪೆಕ್ಟರ್ ಅದನ್ನು ಓದಿ, ಆಕೆಯ ಮುಖ ನೋಡಿ, ಸಹಿ ಹಾಕಿದರು.